ನಡುವಿನ ಕುರ್ಚಿ

ನನ್ನ ಕಿವಿಯ ಬಗ್ಗೆ ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ಹೇಳಬೇಕಾದವನು ಹೇಳಲಿಲ್ಲ. ಪಕ್ಕದ ಮನೆಯ ಫ್ರಿಜ್ಜು ಕೆಡುವ ಮುಂಚೆಯೇ ಅದರ ಗುಂಯ್‌ಗುಡುವ ಸದ್ದು ಬದಲಾದದ್ದು ನನಗೆ ಗೋಡೆಯಾಚೆಯಿಂದ ತಿಳಿಯುತ್ತದೆ. ಫೋನಿನಲ್ಲಿ ಮಾತಾಡುವವರು ನಿಂತಿದ್ದಾರೋ ಮಲಗಿದ್ದಾರೋ ಹೇಳಬಲ್ಲೆ. ಜಂಬ ಅನ್ನುವವರು ಅನ್ನಲಿ. ಇದ್ದದ್ದನ್ನು ಇಲ್ಲ ಎಂದುಕೊಂಡು ತಿರುಗುವ ಒಳ್ಳೆಯತನ ನನ್ನಲ್ಲಿ ಎಂದೂ ಇರಲಿಲ್ಲ.

ನನ್ನ ಗಂಡ ಒಂದು ಪತ್ರಿಕೆಗೆ ಬರೆಯುತ್ತಿದ್ದ. ಈಗ ಅವನು ಗಂಡನಲ್ಲ, ಆದರೆ ಬೇರೆ ಏನೆಂದು ಕರೆಯಲು ಹೋದರೂ ಅದು ಅಚ್ಚಿಗೆ ಹಾಕುವಂಥ ಮಾತಾಗಿರುವುದಿಲ್ಲ. ಭಾರೀ ಬೆಲೆಯ ಆಂಪ್ಲಿಫೈಯರುಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿ, ಯಾವುದು ಮೇಲು, ಯಾವುದು ಬರೀ ಥಳಕು ಎಂದು ಹೇಳುವುದು ಅವನ ಕೆಲಸ. ಒಂದೊಂದು ಪೆಟ್ಟಿಗೆಯೂ ಇಬ್ಬರು ಹಿಡಿದೆತ್ತುವಷ್ಟು ಭಾರ. ಅವುಗಳ ನಡುವಿನ ವ್ಯತ್ಯಾಸವಾದರೋ ಕೂದಲೆಳೆಯಷ್ಟು. ಒಂದರಲ್ಲಿ ಹಾಡುವವಳು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ, ಇನ್ನೊಂದರಲ್ಲಿ ಆ ಉಸಿರು ಬಾಯಿಯದೋ ಮೂಗಿನದೋ ಎನ್ನುವುದೂ ಕೇಳಿಸುತ್ತದೆ. ಅಷ್ಟಕ್ಕಾಗಿ ಕಾರು ಮಾರಿದವರನ್ನು ನಾನು ಕಂಡಿದ್ದೇನೆ. ಅಂಥವರೆಲ್ಲ ಇವನನ್ನು ಕಿವಿಮೇಷ್ಟ್ರು ಎಂದು ಕರೆದು ತಲೆಯ ಮೇಲೆ ಕೂರಿಸಿಕೊಂಡಿದ್ದರು.

ಅವನ ಬರಹದಲ್ಲಿ ಒಂದು ಮಾತು ತಪ್ಪದೆ ಬರುತ್ತಿತ್ತು. 'ಹೊಸ ಆಂಪ್ಲಿಫೈಯರ್ ಹಚ್ಚಿ ಕೂತಿದ್ದೆ. ಅಡುಗೆಮನೆಯಿಂದ ನನ್ನ ಹೆಂಡತಿ, ಇವತ್ತೇನೋ ಬೇರೆ ಥರ ಕೇಳಿಸ್ತಿದೆಯಲ್ಲ ಅಂದಳು.' ಈ ಹುಚ್ಚಿನವರಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಏನೂ ತಿಳಿಯದ ಹೆಂಡತಿಗೆ, ಅದೂ ಪಾತ್ರೆಗಳ ಸದ್ದಿನ ನಡುವೆ, ಅದೂ ಗೋಡೆಯಾಚೆಯಿಂದ ವ್ಯತ್ಯಾಸ ಗೊತ್ತಾಯಿತೆಂದರೆ ಪೆಟ್ಟಿಗೆಯಲ್ಲಿ ನಿಜವಾಗಿಯೂ ಏನೋ ಇದೆ ಎಂದರ್ಥ. ಓದುಗರು ಅದಕ್ಕೆ ಅಡುಗೆಮನೆ ಟೆಸ್ಟ್ ಎಂದು ಹೆಸರಿಟ್ಟು, ನಾನು ಎದುರು ಸಿಕ್ಕಾಗ ಹಲ್ಲು ಕಿರಿಯುತ್ತಿದ್ದರು.

ನಿಜ ಹೇಳುತ್ತೇನೆ ಕೇಳಿ. ಅಡುಗೆಮನೆಯಲ್ಲಿ ಇರುತ್ತಿದ್ದವನು ಅವನು. ಅಡುಗೆ ಅವನಿಗೆ ಚೆನ್ನಾಗಿ ಬರುತ್ತಿತ್ತು, ಅದನ್ನು ಇಲ್ಲ ಎನ್ನಲಾರೆ. ಎರಡು ಸ್ಪೀಕರುಗಳ ಎದುರು, ಎರಡಕ್ಕೂ ಸರಿಸಮ ದೂರದಲ್ಲಿ ನಡುವೆ ಇಟ್ಟ ಕುರ್ಚಿಯಲ್ಲಿ ಕೂರುತ್ತಿದ್ದವಳು ನಾನು. ಅವನು ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದ. ನಾನು ಬಾಯಿ ಬಿಡುವ ಮೊದಲೇ ಅವನಿಗೆ ಅರ್ಧ ತಿಳಿದಿರುತ್ತಿತ್ತು. ಹುಬ್ಬು ಗಂಟಾದರೆ ಮೇಲಿನ ಸ್ವರಗಳು ಚುಚ್ಚುತ್ತಿವೆ ಎಂದು. ತುಟಿ ಬಿಗಿಯಾದರೆ ಕೆಳಗಿನ ಸ್ವರಗಳು, ಅಂದರೆ ಬೇಸ್, ಸಡಿಲ ಎಂದು. ಕಣ್ಣು ಅರ್ಧ ಮುಚ್ಚಿ, ತಲೆ ಒಂದಿಷ್ಟು ವಾಲಿ, ಬಾಯಿ ತೆರೆಯದೆ ನಕ್ಕರೆ ಈ ಪೆಟ್ಟಿಗೆ ಗೆದ್ದಿತು ಎಂದು. ಮಿಕ್ಕದ್ದನ್ನು ನಾನು ಹೇಳುತ್ತಿದ್ದೆ, ಅವನು ಬರೆಯುತ್ತಿದ್ದ.

ಅವನಿಗೆ ಎಡಗಿವಿ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರ ಅದನ್ನು ತೆಗೆದುಕೊಂಡು ಹೋಯಿತು. ಒಂದೇ ಕಿವಿಯಲ್ಲಿ ಹಾಡು ಕೇಳಬಹುದು, ತಾಳ ಹಾಕಬಹುದು, ಕಣ್ಣಲ್ಲಿ ನೀರೂ ತರಿಸಿಕೊಳ್ಳಬಹುದು. ಆದರೆ ಎರಡು ಸ್ಪೀಕರುಗಳು ಸೇರಿ ಎದುರಿನ ಖಾಲಿ ಗೋಡೆಯ ಮುಂದೆ ಒಬ್ಬ ಹೆಂಗಸನ್ನು ತಂದು ನಿಲ್ಲಿಸುತ್ತವಲ್ಲ, ಅವಳ ಬಾಯಿ ಇಲ್ಲಿ, ಪಿಯಾನೊ ಅಲ್ಲಿ ಎಂದು ಬೆರಳಿಟ್ಟು ತೋರಿಸುವ ಹಾಗೆ, ಅದು ಒಂದು ಕಿವಿಯವರ ಪಾಲಿಗೆ ಇಲ್ಲವೇ ಇಲ್ಲ. ಅವನ ಬರಹದ ತುಂಬ ಇದ್ದದ್ದು ಅವಳೇ. ಆ ಹೆಂಗಸನ್ನು ಅವನು ಒಂದು ಸಲವೂ ಕಂಡವನಲ್ಲ. ಈ ಗುಟ್ಟು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಒಂದು ದಿನ ನಾನು, 'ಬರಹದ ಕೆಳಗೆ ನನ್ನ ಹೆಸರೂ ಹಾಕು' ಅಂದೆ.

'ಈಗ್ಯಾಕೆ?'

'ಕೇಳೋಳು ನಾನು ತಾನೇ.'

'ಹಾಗೆ ಹಾಕಿದ್ರೆ ನಾನೇನು ಮಾಡ್ತೀನಿ ಅಂತ ಕೇಳ್ತಾರೆ.'

'ಅಡುಗೆ ಮಾಡ್ತೀಯ ಅಂತ ಬರಿ.'

ಅವನು ನಗಲಿಲ್ಲ. ಮಾತಿಗೆ ಮಾತು ಬೆಳೆಯಿತು. ನನ್ನ ನಾಲಿಗೆ ಹೇಗೆ ಅನ್ನುವುದು ಎಲ್ಲರಿಗೂ ಗೊತ್ತು, ಆವತ್ತು ಅದಕ್ಕೆ ಲಗಾಮು ಇರಲಿಲ್ಲ. ಕಡೆಗೆ ಅವನು ಬೇರೆ ಮನೆ ಮಾಡಿದ. ಕಾಗದಪತ್ರಗಳೂ ಆದವು. ಅದನ್ನೆಲ್ಲ ನಾನು ನುಂಗಿಕೊಂಡೆ, ಪೀಡೆ ತೊಲಗಿತು ಅಂದುಕೊಂಡೆ.

ನುಂಗಲಾಗದೆ ಹೋದದ್ದು ಆಮೇಲಿನದು. ಹಲ್ಲುನೋವಿಗೆಂದು ನಮ್ಮ ಬೀದಿಯ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಅವರೂ ಆಂಪ್ಲಿಫೈಯರ್ ಹುಚ್ಚಿನವರೇ, ಅವರ ಕಾಯುವ ಕೋಣೆಯಲ್ಲಿ ಇವನು ಬರೆಯುವ ಪತ್ರಿಕೆ ಬಿಟ್ಟರೆ ಬೇರೆಯದು ಹುಡುಕಿದರೂ ಸಿಗುವುದಿಲ್ಲ. ಊದಿದ ಕೆನ್ನೆ ಹಿಡಿದುಕೊಂಡು ಪುಟ ತಿರುವಿದೆ. ಅವನು ಬರೆದಿದ್ದ: 'ಅಡುಗೆಮನೆ ಟೆಸ್ಟ್ ಎಲ್ಲಿ ಹೋಯಿತು ಎಂದು ಓದುಗರು ಕೇಳುತ್ತಿದ್ದಾರೆ. ನಾನು ಮನೆ ಬದಲಾಯಿಸಿದ್ದೇನೆ. ಹಳೆಯ ಮನೆಯಲ್ಲಿ ಎಂಥ ಆಂಪ್ಲಿಫೈಯರ್ ಹಾಕಿದರೂ ಒಂದು ಕರ್ಕಶ ಸದ್ದು ಸೇರಿಕೊಳ್ಳುತ್ತಿತ್ತು. ಅದು ಉಪಕರಣದ್ದಲ್ಲ ಎಂದು ಈಗ ಖಾತ್ರಿಯಾಗಿದೆ.'

ಮೈಯೆಲ್ಲ ಉರಿದುಹೋಯಿತು. ಡಾಕ್ಟರು ಬಾಗಿಲು ತೆರೆದವರು ನನ್ನ ಕೈಯಲ್ಲಿದ್ದ ಪುಟ ನೋಡಿದರು. ಅವರ ಮೀಸೆಯ ಕೆಳಗೆ ನಗು ಸುಳಿದದ್ದು ನನಗೆ ಕಾಣಿಸಿತು.

'ಮೇಷ್ಟ್ರು ತಮಾಷೆಗೆ ಬರ್ದಿದಾರೆ, ಬಿಡಿ. ಬನ್ನಿ, ಬಾಯಿ ತೆಗೀರಿ' ಅಂದರು.

ತೆಗೆದೆ. ಬಾಯಿ ಅಷ್ಟಗಲ ತೆರೆದುಕೊಂಡು, ಒಂದು ಮಾತೂ ಆಡಲಾಗದೆ, ಆ ದೀಪದ ಕೆಳಗೆ ಮಲಗಿದ್ದೆನಲ್ಲ, ಆಗ ನಿರ್ಧಾರ ಮಾಡಿದೆ. ಕರ್ಕಶ ಎಂದು ಅವನು ಕೇಳಿಸಿಕೊಂಡದ್ದಾದರೂ ಯಾವ ಕಿವಿಯಿಂದ? ಆ ಕಿವಿಯ ಹೆಸರನ್ನು, ಅವನನ್ನು ಹೊತ್ತು ಮೆರೆಸಿದ ಜನರ ಎದುರೇ ಮಣ್ಣುಪಾಲು ಮಾಡದಿದ್ದರೆ ನಾನು ನಮ್ಮಪ್ಪನ ಮಗಳಲ್ಲ. ನನಗೆ ಬೇಕಾದದ್ದು ಅದೊಂದೇ. ಅವನು ಕ್ಷಮೆ ಕೇಳುವುದೂ ಬೇಡ, ಮನೆಗೆ ಬರುವುದೂ ಬೇಡ.

ನನ್ನ ತಮ್ಮ ಇಂಥ ಪೆಟ್ಟಿಗೆಗಳನ್ನೇ ಮಾರುವ ಅಂಗಡಿ ಇಟ್ಟಿದ್ದಾನೆ. ಒಳ್ಳೆಯವನು, ಸ್ವಲ್ಪ ಮೆತ್ತಗೆ. ಅಕ್ಕನನ್ನು ಬಿಟ್ಟುಹೋದವನನ್ನು ಇವತ್ತಿಗೂ ಬಾಯಿತುಂಬ ಭಾವ ಅನ್ನುತ್ತಾನೆ. ಅಂಗಡಿಯ ಮಹಡಿಯಲ್ಲಿ ಕೇಳುವ ಕೋಣೆ ಇದೆ. ಗೋಡೆಗೆ ದಪ್ಪ ಬಟ್ಟೆ, ನೆಲಕ್ಕೆ ಜಮಖಾನ, ಕಿಟಕಿಗೆ ಎರಡು ಪದರ ಗಾಜು. ಅಲ್ಲಿ ಕೆಮ್ಮಿದರೆ ಕೆಮ್ಮು ಬಾಯಿಂದಾಚೆ ಹೋಗುವುದಿಲ್ಲ. ನನ್ನ ಹಲ್ಲು ವಾಸಿಯಾದ ಮೇಲೆ ಒಂದು ದಿನ ತಮ್ಮನೇ ಫೋನ್ ಮಾಡಿದ.

'ಅಕ್ಕ, ಭಾನುವಾರ ಭಾವ ಬರ್ತಿದಾರೆ. ಎರಡು ಆಂಪ್ಲಿಫೈಯರ್ ಎದುರುಬದುರು ಇಟ್ಟು ಎಲ್ರ ಮುಂದೆ ಕೇಳಿ ಹೇಳ್ತಾರಂತೆ. ಗಿರಾಕಿಗಳನ್ನೆಲ್ಲ ಕರ್ದಿದೀನಿ. ನೀನು ಬೇಜಾರು ಮಾಡ್ಕೋಬೇಡ.'

'ಬೇಜಾರ್ಯಾಕೆ? ನಾನೂ ಬರ್ತೀನಿ. ಕುರ್ಚಿ ಹಾಕೋಕೆ, ಟೀ ಕೊಡೋಕೆ ಜನ ಬೇಕಲ್ಲ.'

'ನೀನಾ?'

'ಯಾಕೆ, ಟೀಗೆ ವಿಷ ಹಾಕ್ತೀನಾ?'

'ಹಾಗಲ್ಲ ಅಕ್ಕ' ಅಂದ. ಹಾಗೇ ಅಂದುಕೊಂಡಿದ್ದ ಅನ್ನುವುದು ಅವನ ಉಸಿರಲ್ಲೇ ಕೇಳಿಸಿತು.

ಭಾನುವಾರ ಬೆಳಿಗ್ಗೆ ನಾನು ಹೋದಾಗ ತಮ್ಮ ಆಗಲೇ ಎಲ್ಲವನ್ನೂ ಜೋಡಿಸುತ್ತಿದ್ದ. ಒಂದು ಪೆಟ್ಟಿಗೆ ಗಾಜಿನ ವಾಲ್ವುಗಳದ್ದು, ಹಚ್ಚಿದರೆ ಸಣ್ಣ ದೀಪಗಳ ಹಾಗೆ ಕೆಂಪಗೆ ಉರಿಯುತ್ತವೆ. ಇನ್ನೊಂದು ಟ್ರಾನ್ಸಿಸ್ಟರಿನದು, ಕಪ್ಪಗೆ, ಚೌಕಾಕಾರ, ಮುಖದ ಮೇಲೆ ಒಂದೇ ಗುಂಡಿ. ಎರಡರ ಮುಂದೆಯೂ ಬಟ್ಟೆ ಇಳಿಬಿಟ್ಟು ಒಂದು, ಎರಡು ಎಂದು ಚೀಟಿ ಅಂಟಿಸಿದ್ದ. ಎರಡರ ತಂತಿಗಳೂ ಒಂದು ಸ್ವಿಚ್ಚಿನ ಡಬ್ಬಿಗೆ ಬಂದು, ಅಲ್ಲಿಂದ ಒಂದೇ ಜೊತೆ ಸ್ಪೀಕರುಗಳಿಗೆ ಹೋಗುತ್ತಿದ್ದವು. ಗುಂಡಿ ಒತ್ತಿದರೆ ಹಾಡು ನಿಲ್ಲದೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ತಮ್ಮ, ಮೀಟರ್ ಹಿಡಿದು, ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದ. ಇದು ಈ ಕೆಲಸದಲ್ಲಿ ಮೊದಲು ಮಾಡಬೇಕಾದದ್ದು. ಒಂದು ಪೆಟ್ಟಿಗೆ ಗೊತ್ತೇ ಆಗದಷ್ಟು ಜೋರಾಗಿದ್ದರೂ ಕೇಳುವವರು ಅದನ್ನೇ ಚೆನ್ನಾಗಿದೆ ಅನ್ನುತ್ತಾರೆ, ಯಾಕೆ ಅನ್ನುವುದು ಅವರಿಗೇ ತಿಳಿದಿರುವುದಿಲ್ಲ.

'ಅಕ್ಕ, ಸುಮ್ನೆ ಒಂದ್ಸಲ ಕೂತು ನೋಡು' ಅಂದ. ಅಕ್ಕ ಭಾವನ ಜೊತೆಗಿದ್ದು ಒಂದಿಷ್ಟು ಕಲಿತಿದ್ದಾಳೆ ಎಂದು ಅವನ ತಿಳಿವಳಿಕೆ.

ನಡುವಿನ ಕುರ್ಚಿಯಲ್ಲಿ ಕೂತೆ. ಎಷ್ಟು ದಿನವಾಗಿತ್ತು. ದೀಪದ ಪೆಟ್ಟಿಗೆಯಲ್ಲಿ ಹಾಡುವವಳು ಒಂದು ಹೆಜ್ಜೆ ಮುಂದೆ ಬಂದಳು, ದನಿ ಬೆಚ್ಚಗಾಯಿತು, ಆದರೆ ಬೇಸ್ ಹಳೇ ಹಾಸಿಗೆಯ ಹಾಗೆ ಅಲ್ಲಲ್ಲಿ ಕುಸಿಯುತ್ತಿತ್ತು. ಕಪ್ಪು ಪೆಟ್ಟಿಗೆ ಏನನ್ನೂ ಸೇರಿಸಲಿಲ್ಲ, ಏನನ್ನೂ ಬಚ್ಚಿಡಲಿಲ್ಲ. ಸ್ವರ ಮುಗಿದ ಮೇಲೆ ಪಿಯಾನೊದ ಒಳಗೆ ಮರ ತಣ್ಣಗಾಗುವುದೂ ಕೇಳಿಸಿದಂತಾಯಿತು. ಕಪ್ಪು ಪೆಟ್ಟಿಗೆಯೇ ಮೇಲು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ತಮ್ಮ, ಭಾವನನ್ನು ಕರೆತರಲು, ಕಾರು ತೆಗೆದುಕೊಂಡು ಹೋದ. ನಾನು ಡಬ್ಬಿಯ ಹಿಂದೆ ಕೂತು, ಕಪ್ಪು ಪೆಟ್ಟಿಗೆಯಿಂದ ಬಂದ ಒಂದು ಬದಿಯ ತಂತಿಗಳನ್ನು ಬಿಚ್ಚಿ, ಕೆಂಪು ತಂತಿಯ ಜಾಗಕ್ಕೆ ಕಪ್ಪು ತಂತಿ, ಕಪ್ಪಿನ ಜಾಗಕ್ಕೆ ಕೆಂಪು ಹಾಕಿ ಬಿಗಿದೆ.

ಇದರಿಂದ ಏನೂ ಸುಡುವುದಿಲ್ಲ, ಏನೂ ಕೆಡುವುದಿಲ್ಲ. ಆದರೆ ಒಂದು ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಬೇಸ್ ಸೋರಿಹೋಗುತ್ತದೆ. ನಡುವೆ ನಿಂತು ಹಾಡುತ್ತಿದ್ದ ಹೆಂಗಸು ಎರಡು ಹೋಳಾಗಿ ಎರಡು ಮೂಲೆಗೆ ಹೋಗುತ್ತಾಳೆ, ನಡುವೆ ಯಾರೂ ಉಳಿಯುವುದಿಲ್ಲ. ಹೊಸದಾಗಿ ಸ್ಪೀಕರು ತಂದವನು ಮೊದಲ ದಿನ ಮಾಡುವ ತಪ್ಪು ಇದು. ಎರಡು ಕಿವಿ ಇರುವ ಯಾರನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದರೂ ಮುಖ ಸಿಂಡರಿಸಿ ಎದ್ದು ತಂತಿ ನೋಡಲು ಹೋಗುತ್ತಾರೆ. ಪಕ್ಕದ ಕುರ್ಚಿಗಳಲ್ಲಿ ಕೂತವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ನಡುವಿನ ಕುರ್ಚಿ ಅವನದು.

ಅವನು ಯಾವುದನ್ನು ಗೆಲ್ಲಿಸಿದರೂ ನನಗೆ ಒಂದೇ. 'ತಂತಿ ತಿರುಗಿದೆ' ಎಂಬ ಒಂದೇ ಮಾತು ಅವನನ್ನು ಉಳಿಸಬಹುದಿತ್ತು, ಆ ಮಾತು ಅವನ ಬಾಯಲ್ಲಿ ಬರುವುದಿಲ್ಲ. ಅವನು ತೀರ್ಪು ಹೇಳಿ ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ಎದ್ದು, ಸ್ವಲ್ಪ ತಂತಿ ನೋಡಿ ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ತಮ್ಮನ ಅಂಗಡಿಯ ಗತಿ ಏನು ಎಂದು ಯೋಚಿಸಿದೆಯಾ ಅಂತ ಕೇಳಬೇಡಿ. ಭಾವ ಭಾವ ಅಂದದ್ದಕ್ಕೆ ಅವನಿಗೂ ಒಂದಿಷ್ಟು ಬಿಸಿ ಮುಟ್ಟಲಿ ಅನ್ನಿಸಿತ್ತು.

ಜನ ಬಂದರು. ಹಲ್ಲಿನ ಡಾಕ್ಟರು ಮೊದಲೇ ಬಂದು ಮುಂದಿನ ಸಾಲು ಹಿಡಿದರು. ಕೊನೆಗೆ ಅವನು ಬಂದ. ಸೊರಗಿದ್ದ. ಅಂಗಿಯ ಕಾಲರು ಒಂದು ಕಡೆ ಮಡಚಿಕೊಂಡಿತ್ತು. ಎಲ್ಲರೂ ಎದ್ದು ನಿಂತು ಮೇಷ್ಟ್ರೇ ಮೇಷ್ಟ್ರೇ ಎಂದು ಕೈ ಕುಲುಕಿದರು. ನಾನು ಟೀ ತಟ್ಟೆ ಹಿಡಿದು ಎದುರು ನಿಂತೆ.

'ಚೆನ್ನಾಗಿದೀಯಾ?' ಅಂದ.

'ಕರ್ಕಶವಾಗಿದೀನಿ. ಟೀ ತಗೋ.'

ಅವನ ಮುಖ ಕೆಂಪಾಯಿತು. ಏನೋ ಹೇಳಲು ಹೊರಟ, ನಾನು ಮುಂದಿನವರಿಗೆ ಟೀ ಕೊಡಲು ಹೋದೆ.

ಅಷ್ಟರಲ್ಲಿ ತಮ್ಮ ನನ್ನ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದ. ಸ್ವಿಚ್ಚಿನ ಡಬ್ಬಿಗೆ ಉದ್ದನೆಯ ವೈರಿನ ತುದಿಯಲ್ಲಿ ಒಂದು ಗುಂಡಿ ಇತ್ತು. ಅದನ್ನು ತಂದು ನನ್ನ ಕೈ ಮೇಲಿಟ್ಟ.

'ಅಕ್ಕ, ನೀನೇ ಒತ್ತು. ನಾನು ಒತ್ತಿದ್ರೆ ಮಾರೋನು ಏನೋ ಆಟ ಆಡ್ದ ಅಂತಾರೆ. ಭಾವ ಹೇಳ್ದಾಗ ಒತ್ತಿದ್ರೆ ಸಾಕು.'

ನನ್ನನ್ನು ನಡುವಿನ ಕುರ್ಚಿಯಲ್ಲಿ ಕೂತ ಅವನ ಮುಂದೆಯೇ, ಎರಡೂ ಸ್ಪೀಕರುಗಳಿಗೆ ಸರಿಸಮ ದೂರದಲ್ಲಿ, ಒಂದು ಚಿಕ್ಕ ಸ್ಟೂಲಿನಲ್ಲಿ ಕೂರಿಸಿದ. ನನ್ನ ಬೆನ್ನು ಸ್ಪೀಕರುಗಳಿಗೆ, ಮುಖ ಅವನಿಗೆ. ಬೇಡ ಅಂದರೆ ಅನುಮಾನ ಬರುತ್ತಿತ್ತು. ಕೂತೆ.

ಹಾಡು ಶುರುವಾಯಿತು. ದೀಪದ ಪೆಟ್ಟಿಗೆ, ನನ್ನ ಬೆನ್ನ ಹಿಂದೆ ನೆಟ್ಟಗೆ ನಡುವಿನಲ್ಲಿ ಹಾಡುವವಳು ನಿಂತಳು. ಅವನು ಕಣ್ಣು ಮುಚ್ಚಿ, ಗಲ್ಲದ ಮೇಲೆ ಬೆರಳಿಟ್ಟುಕೊಂಡ. ಫೋಟೋಗಳಲ್ಲಿ ಹಾಗೇ ಇರುತ್ತಾನೆ. ಸ್ವಲ್ಪ ಹೊತ್ತಾದ ಮೇಲೆ ಕೈ ಎತ್ತಿದ. ಒತ್ತಿದೆ.

ಹಾಡುವವಳು ಮಾಯವಾದಳು. ಅವಳ ದನಿ ನನ್ನ ತಲೆಯ ಎರಡೂ ಪಕ್ಕದಿಂದ ಬಟ್ಟೆ ಹಿಂಡಿದ ಹಾಗೆ ಬಂತು. ಗೊತ್ತಿದ್ದು ಕೂತಿದ್ದರೂ ಹಿಂತಿರುಗಿ ತಂತಿ ನೋಡಬೇಕೆನ್ನಿಸಿತು. ಪಕ್ಕದ ಸಾಲುಗಳಲ್ಲಿ ಯಾರೋ ಒಬ್ಬರು ಕತ್ತು ಚಾಚಿದರು, ಮಿಕ್ಕವರು ಹಾಗೇ ಕೂತಿದ್ದರು. ಕೈ ಎತ್ತಿದ, ಒತ್ತಿದೆ. ಮತ್ತೆ ಎತ್ತಿದ, ಮತ್ತೆ ಒತ್ತಿದೆ. ಎರಡನೆಯ ಪೆಟ್ಟಿಗೆ ಹಾಡುತ್ತಿರುವಾಗ ಅವನು ಕಣ್ಣು ತೆರೆದ, ತೆರೆದು ನನ್ನ ಮುಖ ನೋಡಿದ.

ಆ ನೋಟ ನನಗೆ ಗೊತ್ತು. ಸೌಟು ಹಿಡಿದು ಬಾಗಿಲಲ್ಲಿ ನಿಂತವನ ನೋಟ ಅದು. ಇಷ್ಟು ಜನರ ನಡುವೆ, ಅಷ್ಟೆಲ್ಲ ಆಡಿದ ಮೇಲೆ, ಅಷ್ಟು ಬರೆದ ಮೇಲೆ, ಅವನು ನನ್ನನ್ನು ಕೇಳುತ್ತಿದ್ದ. ನಾಚಿಕೆಯಾದರೂ ಆಗಬೇಡವೇ? ನನ್ನನ್ನು ಮನೆಯ ಕೆಟ್ಟ ಸದ್ದು ಎಂದು ಊರಿಗೆಲ್ಲ ಸಾರಿ, ಈಗ ಅದೇ ಮುಖದಿಂದ ಎರವಲು ಕೇಳಲು ಬಂದಿದ್ದಾನೆ. ಮುಖವನ್ನು ಕಲ್ಲು ಮಾಡಿಕೊಂಡಿದ್ದರೂ ಸಾಕಿತ್ತು, ಅವನು ಹೇಗೂ ಬೀಳುತ್ತಿದ್ದ. ನನಗೆ ಅಷ್ಟು ಸಾಲಲಿಲ್ಲ. ಕಣ್ಣು ಅರ್ಧ ಮುಚ್ಚಿದೆ. ತಲೆ ಒಂದಿಷ್ಟು ವಾಲಿಸಿದೆ. ಬಾಯಿ ತೆರೆಯದೆ ನಕ್ಕೆ.

ಅವನ ಭುಜ ಸಡಿಲವಾಯಿತು. 'ಸಾಕು' ಅಂದ. ಹಾಡು ನಿಂತಿತು.

'ಎರಡನೇದು' ಅಂದ. 'ಮೊದಲನೇದು ಸಿಹಿಯಾಗಿದೆ, ಒಪ್ತೀನಿ. ಆದ್ರೆ ಎರಡನೇದರಲ್ಲಿ ಗೋಡೆಗಳೇ ಇಲ್ಲ. ಹಾಡು ಕೋಣೆಯಿಂದಾಚೆ ಹರಡ್ಕೊಂಡಿದೆ. ಹಾಡೋಳು ಮಾತ್ರ ನಡುವೆ ಗಟ್ಟಿಯಾಗಿ ನಿಂತಿದಾಳೆ, ಬೇಕಾದ್ರೆ ಎದ್ದು ಹೋಗಿ ಮುಟ್ಟಬಹುದು.'

ಚಪ್ಪಾಳೆ ಬಿತ್ತು. ತಮ್ಮ ಎದ್ದು ಬಟ್ಟೆ ಸರಿಸಿ ಕಪ್ಪು ಪೆಟ್ಟಿಗೆಯನ್ನು ತೋರಿಸಿದ. ಹಲ್ಲಿನ ಡಾಕ್ಟರು, 'ಆ ಕುರ್ಚೀಲಿ ನಾನೂ ಒಂದ್ಸಲ ಕೂರ್ತೀನಿ ಮೇಷ್ಟ್ರೇ' ಎಂದು ಎದ್ದರು. ನಾನು ಬಾಯಿ ಬಿಡುವ ಅಗತ್ಯವೇ ಬೀಳಲಿಲ್ಲ. ಅವನು ಎದ್ದು ಜಾಗ ಕೊಟ್ಟ, ಡಾಕ್ಟರು ಕೂತರು, ನಾನು ಸ್ಟೂಲು ಬಿಟ್ಟೆದ್ದು ಎರಡನೆಯ ಪೆಟ್ಟಿಗೆಯನ್ನೇ ಹಚ್ಚಿದೆ. ಡಾಕ್ಟರ ಮುಖ ಹುಳಿ ತಿಂದಂತಾಯಿತು.

'ಇದೇನ್ರೀ, ಹಾಡೋಳ ಬಾಯಿ ಎಲ್ಲಿ? ದಿನವಿಡೀ ಬಾಯಲ್ಲೇ ಕೆಲಸ ನಂದು, ನನಗೇ ಸಿಗ್ತಿಲ್ಲವಲ್ಲ.'

ಜನ ನಕ್ಕರು. ಡಾಕ್ಟರು ನಗಲಿಲ್ಲ. ಎದ್ದು ಹೋಗಿ ಡಬ್ಬಿಯ ಹಿಂದೆ ಬಗ್ಗಿದರು. ಮೇಲೆದ್ದಾಗ ಅವರ ಮುಖದಲ್ಲಿ ಮುಜುಗರಕ್ಕಿಂತ ಖುಷಿ ಹೆಚ್ಚಾಗಿತ್ತು.

'ಕೆಂಪಿಗೆ ಕಪ್ಪು ಹಾಕಿದಾರೆ. ಒಂದು ಕಡೆ ತಂತಿ ಉಲ್ಟಾ.'

ಹಿಂದಿನ ಸಾಲಿನಲ್ಲಿ ಒಬ್ಬರು ಫಕ್ಕನೆ ನಕ್ಕರು, ಅದು ಸಾಲಿನಿಂದ ಸಾಲಿಗೆ ಬಂತು. 'ನಡುವೆ ಗಟ್ಟಿಯಾಗಿ ನಿಂತಿದಾಳಂತೆ' ಎಂದು ಯಾರೋ ಅಂದರು. 'ಹೋಗಿ ಮುಟ್ಟಬಹುದಂತೆ' ಎಂದು ಇನ್ಯಾರೋ. ತಮ್ಮ ಬೆವರೊರೆಸಿಕೊಳ್ಳುತ್ತಿದ್ದ. ಅವರ ಕಿವಿಮೇಷ್ಟ್ರು ನಡುವೆ ನಿಂತಿದ್ದ, ಕೈ ಎಲ್ಲಿಡಬೇಕೆಂದು ತಿಳಿಯದೆ. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಆ ಒಂದು ನಿಮಿಷದ ಹಾಗೆ ನನಗೆ ಜನ್ಮದಲ್ಲಿ ಯಾವತ್ತೂ ಆಗಿರಲಿಲ್ಲ. ಹಲ್ಲಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದದ್ದಕ್ಕೆ ಬಡ್ಡಿ ಸಮೇತ ಬಂದಿತ್ತು.

ಅವನು ಏನಾದರೊಂದು ನೆಪ ಹೇಳುತ್ತಾನೆ ಎಂದು ಕಾದೆ. ನೆಗಡಿ ಅನ್ನಬಹುದು, ಕೋಣೆ ಸರಿಯಿಲ್ಲ ಅನ್ನಬಹುದು. ಯಾವ ನೆಪಕ್ಕೂ ನನ್ನ ಹತ್ತಿರ ಉತ್ತರ ಸಿದ್ಧವಾಗಿತ್ತು. ಅವನು ಗಂಟಲು ಸರಿಮಾಡಿಕೊಂಡ.

'ನನಗೆ ಗೊತ್ತಾಗ್ಲಿಲ್ಲ' ಅಂದ. 'ಗೊತ್ತಾಗೋದೂ ಇಲ್ಲ. ನನಗೆ ಎಡಗಿವಿ ಇಲ್ಲ, ಚಿಕ್ಕಂದಿನಿಂದ. ನಾನು ಅವಳ ಮುಖ ನೋಡಿ ಹೇಳ್ದೆ. ಹಿಂದೆ ಬರೆದಿದ್ದೆಲ್ಲ ಹಾಗೇನೇ. ಕುರ್ಚೀಲಿ ಕೂರ್ತಿದ್ದೋಳು ಅವಳು, ಕಿವಿ ಅವಳದು. ಅವಳನ್ನ ಬಿಟ್ಟ ಮೇಲೆ ಸುಮ್ನೆ ಏನೇನೋ ಬರೀತಿದೀನಿ. ಆ ಕರ್ಕಶ ಅನ್ನೋ ಮಾತು ಬರೀಬಾರದಿತ್ತು. ಸಿಟ್ಟಲ್ಲಿ ಬರ್ದೆ. ಆ ಮನೇಲಿ ಸರಿಯಾಗಿ ಕೇಳ್ತಿದ್ದೋಳು ಅವಳೊಬ್ಬಳೇ.'

ನಾನು ಕೇಳಿ, ಸಿಗದೆ, ಇನ್ನು ಬೇಡವೇ ಬೇಡ ಎಂದು ಬಿಟ್ಟದ್ದನ್ನೆಲ್ಲ ಕೊಟ್ಟುಬಿಟ್ಟ, ಅದೂ ನಾನು ತೋಡಿದ ಗುಂಡಿಯಲ್ಲಿ ನಿಂತುಕೊಂಡು. ಕಾಲಿನ ಕೆಳಗೆ ಜಮಖಾನ ಸರಿದ ಹಾಗಾಯಿತು. ಕೋಣೆಯ ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು. ಡಾಕ್ಟರು ಮೀಸೆ ನೀವಿಕೊಂಡರು.

'ಹಾಗಾದ್ರೆ ಈ ಕಿವೀನೂ ಅಷ್ಟೇ ಅನ್ನಿ' ಅಂದರು. 'ತಿರುಗಿದ ತಂತಿಗೆ ನಕ್ಕು ತೋರಿಸಿದಾರಲ್ಲ.'

'ಅಡುಗೆಮನೆ ಟೆಸ್ಟ್ ಫೇಲು' ಎಂದು ಹಿಂದಿನಿಂದ ಒಂದು ದನಿ ಬಂತು. ಆಗ ಎದ್ದ ನಗು ಅವನಿಗೆ ಎದ್ದದ್ದಕ್ಕಿಂತ ಜೋರಾಗಿತ್ತು.

ನನ್ನನ್ನು ಏನಾದರೂ ಅನ್ನಲಿ. ಬಜಾರಿ ಅನ್ನಲಿ, ಗಂಡ ಬಿಟ್ಟವಳು ಅನ್ನಲಿ. ನನ್ನ ಕಿವಿಗೆ ಅದು ಗೊತ್ತಾಗಲಿಲ್ಲ ಅನ್ನುವುದನ್ನು ಕೇಳಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ.

'ತಂತಿ ತಿರುಗಿಸಿದ್ದು ನಾನೇ' ಅಂದೆ. 'ಬೆಳಿಗ್ಗೆ. ನನ್ನ ಕೈಯಾರೆ.'

ಗದ್ದಲ ಸ್ವಲ್ಪ ತಗ್ಗಿತು, ಅಷ್ಟೇ. ಡಾಕ್ಟರು ಕನಿಕರದಿಂದ ತಲೆಯಾಡಿಸಿದರು. 'ಬಿಡೀಮ್ಮ, ಯಾರಿಗಾದ್ರೂ ಆಗತ್ತೆ. ಅದಕ್ಕೆ ಇಷ್ಟೆಲ್ಲ ಯಾಕೆ?'

'ನಾನೇ ಮಾಡಿದ್ದು ಅಂತಿದೀನಲ್ಲ.'

ತಮ್ಮ ಬಂದು ನನ್ನ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. 'ಸುಮ್ನಿರು ಅಕ್ಕ. ಅವಸರದಲ್ಲಿ ನಾನೇ ತಪ್ಪು ಹಾಕಿದೀನಿ. ನನ್ನ ಅಂಗಡಿ ಉಳಿಸೋಕೆ ನೀನ್ಯಾಕೆ ಮೈಮೇಲೆ ಹಾಕ್ಕೋತೀಯ?'

ಇಡೀ ಕೋಣೆಯಲ್ಲಿ ಒಬ್ಬರೂ ನಂಬಲಿಲ್ಲ. ಕಿವಿಯೂ ಹೋಯಿತು, ಮಾಡಿದ ಕೆಲಸವೂ ಹೋಯಿತು. ಅಳು ಬರುವಷ್ಟು ಸಿಟ್ಟು ಬಂತು.

'ಇಲ್ಲ, ಅವಳು ಹೇಳ್ತಿರೋದು ನಿಜ' ಅಂದ ಅವನು.

ಎಲ್ಲರೂ ಅವನ ಕಡೆ ನೋಡಿದರು. ಅವನು ನನ್ನನ್ನು ಎತ್ತಿಹಿಡಿಯುವ ಹುಮ್ಮಸ್ಸಿನಲ್ಲಿದ್ದ, ಹಿಂದೆ ಹೊಸ ಪೆಟ್ಟಿಗೆಯ ಬಗ್ಗೆ ಮಾತಾಡುವಾಗ ಇರುತ್ತಿದ್ದ ಹಾಗೆ. 'ನಿಮಗೆ ಗೊತ್ತಿಲ್ಲ. ಇಂಥದ್ದು ಅವಳ ಕಿವಿ ತಪ್ಪಿಸ್ಕೊಂಡು ಹೋಗೋ ಮಾತೇ ಇಲ್ಲ. ಆಚೆ ಬೀದೀಲಿ ನಿಂತಿದ್ರೂ ಅವಳಿಗೆ ಕೇಳ್ಸತ್ತೆ. ಗುಂಡಿ ಒತ್ತಿದ ತಕ್ಷಣ ಅವಳಿಗೆ...'

ಅಲ್ಲಿಗೆ ಮಾತು ನಿಂತಿತು. ಅದು ಅವನಿಗೆ ಹೊಳೆಯುವುದನ್ನು ನಾನು ನೋಡಿದೆ. ಹುಮ್ಮಸ್ಸು ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ಬಾಯಿಂದ. ಅವನು ನನ್ನ ಮುಖ ನೋಡುವುದನ್ನು ಬಿಟ್ಟು ಜಮಖಾನವನ್ನು ನೋಡತೊಡಗಿದ.

'ಅಂದ್ರೆ ನಿನಗೆ ಕೇಳಿಸ್ತು' ಅಂದ ಮೆಲ್ಲಗೆ. 'ಕೇಳಿಸಿದ ಮೇಲೆ ನಕ್ಕೆ. ನಾನು ನೋಡ್ತಿದೀನಿ ಅಂತ ಗೊತ್ತಿದ್ದೂ.'

'ಹೌದು' ಅಂದೆ.

ತಮ್ಮನಿಗೆ ಅದು ಕೇಳಿಸಿತು. ಹಿಡಿದುಕೊಂಡಿದ್ದ ನನ್ನ ಕೈಯನ್ನು ಬಿಟ್ಟ. ಡಾಕ್ಟರಿಗೂ ಕೇಳಿಸಿತು. ಕುರ್ಚಿಗಳು ಸರಿಯುತ್ತಿದ್ದವು, ಜನ ಏಳುತ್ತಿದ್ದರು. ಅವನು ಮಾತ್ರ ತಲೆ ತಗ್ಗಿಸಿಕೊಂಡು ಉತ್ತರಕ್ಕೆ ಕಾಯುತ್ತಲೇ ಇದ್ದ. ನಾನು ನಿಂತಿದ್ದದ್ದು ಅವನ ಎಡಗಡೆ.

ಹಾಗೇ ಬಿಟ್ಟು ಹೊರಟುಹೋಗಬಹುದಿತ್ತು. ಸುತ್ತಿಕೊಂಡು ಅವನ ಬಲಗಡೆಗೆ ಹೋಗಿ, ಕಿವಿಯ ಹತ್ತಿರ ಬಾಯಿಟ್ಟು, ಇನ್ನೊಂದು ಸಲ ಹೌದು ಅಂದೆ.